ಸಾವಯವ ಬೆಳಕು ಸಂವೇದಕಗಳಲ್ಲಿ ವಿದ್ಯುದ್ವಾರ

ಇಂಗಾಲದ ಸಂಯುಕ್ತಗಳಿಂದ, ಅಂದರೆ ಸಾವಯವ ಅರೆವಾಹಕಗಳಿಂದ ಮಾಡಿದ ಬೆಳಕು ಸಂವೇದಕದಲ್ಲಿ ಬೆಳಕು ಹೀರುವ ತೆಳುಪದರಕ್ಕೆ ಎರಡು ವಿದ್ಯುದ್ವಾರಗಳಿರುತ್ತವೆ. ಎಲೆಕ್ಟ್ರೋಡಿಗೆ ನಮ್ಮ ಪಠ್ಯಪುಸ್ತಕಗಳು ಇಟ್ಟ ಈ ಹೆಸರು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನುಗಳನ್ನೂ ಅವು ತೆರವು ಮಾಡಿದ ಜಾಗಗಳಾದ ರಂಧ್ರಗಳನ್ನೂ ಈ ಬಾಗಿಲು ಹೊರಗೆ ಬಿಡಬೇಕು. ಕತ್ತಲಲ್ಲಿ ಹೊರಗಿನ ಆವೇಶ ಒಳನುಗ್ಗದಂತೆ ತಡೆಯಲೂ ಬೇಕು. ಸೌರಕೋಶದಲ್ಲಿ ಮೊದಲನೆಯದಕ್ಕೇ ಹೆಚ್ಚಿನ ಬೆಲೆ, ಸಂವೇದಕಕ್ಕೆ ಎರಡನೆಯದೇ ಜೀವಾಳ. ಹೀಗೆ ಕತ್ತಲಲ್ಲೂ ಹರಿಯುವ ಕತ್ತಲೆ ಪ್ರವಾಹ ಎಷ್ಟು ಕಡಿಮೆಯೋ ಅಷ್ಟು ಮಂದ ಬೆಳಕು ಅದಕ್ಕೆ ಕಾಣುತ್ತದೆ.

ಆಂತ್ರಸೀನ್ ಹರಳಿನ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತದೆಂಬುದು 20ನೇ ಶತಮಾನದ ಮೊದಲ ದಶಕದಲ್ಲೇ ತಿಳಿದಿತ್ತು. ಆದರೆ ಇಂಥ ವಸ್ತು ಮಾರುಕಟ್ಟೆಗೆ ಬಂದದ್ದು ಐಬಿಎಂ ಕಂಪನಿಯ 1970ರ ಜೆರಾಕ್ಸ್ ಬಗೆಯ ನಕಲು ಯಂತ್ರದಲ್ಲಿ. ತಮಾಷೆಯೆಂದರೆ ಅದರಲ್ಲಿ ಮೇಲಿನ ವಿದ್ಯುದ್ವಾರವೇ ಇರಲಿಲ್ಲ. ಗಾಳಿಯಲ್ಲಿ ಹುಟ್ಟಿಸಿ ಸುರಿದ ಆವೇಶವೇ ಆ ಕೆಲಸ ಮಾಡುತ್ತಿತ್ತು.

1986ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಎರಡು ಸಾವಯವ ಪದರಗಳನ್ನು ಪಾರದರ್ಶಕ ಇಂಡಿಯಂ ಟಿನ್ ಆಕ್ಸೈಡ್ ಮತ್ತು ಬೆಳ್ಳಿಯ ನಡುವೆ ಇರಿಸಿ ಸುಮಾರು ಶೇ. 1ರ ದಕ್ಷತೆಯ ಸೌರಕೋಶ ಮಾಡಿದರು. 1994ರಲ್ಲಿ ಸಾಂಟಾ ಬಾರ್ಬರಾದಲ್ಲಿ ಗ್ಯಾಂಗ್ ಯು, ಅಲನ್ ಹೀಗರ್ ಮತ್ತು ಸಂಗಡಿಗರು ಪಾಲಿಮರ್ ಫೋಟೋಡಯೋಡನ್ನು ವರದಿ ಮಾಡಿದಾಗ ಲೋಹದ ಕಡೆ ಕ್ಯಾಲ್ಸಿಯಂ ಬಂತು. ಲೋಹದಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಗೆ ಕಾರ್ಯಫಲನವೆಂದು ಹೆಸರು. ಕ್ಯಾಲ್ಸಿಯಂನಲ್ಲಿ ಅದು ಸುಮಾರು 2.9 ಎಲೆಕ್ಟ್ರಾನ್ ವೋಲ್ಟ್, ಇಂಡಿಯಂ ಟಿನ್ ಆಕ್ಸೈಡಿನಲ್ಲಿ ಸುಮಾರು 4.7. ಈ ಅಂತರವೇ ಪದರದೊಳಗೆ ವಿದ್ಯುತ್ ಕ್ಷೇತ್ರ ಕಟ್ಟುತ್ತದೆ, ಹಿಮ್ಮುಖ ವೋಲ್ಟೇಜಿನಲ್ಲಿ ಬಾಗಿಲನ್ನು ಮುಚ್ಚಿಡುತ್ತದೆ. ಆದರೆ ಕ್ಯಾಲ್ಸಿಯಂ ತೇವದ ಗಾಳಿ ತಾಗಿದರೆ ಕೆಡುತ್ತದೆ. ಹಾಗಾಗಿ ಲೋಹಕ್ಕೂ ಅರೆವಾಹಕಕ್ಕೂ ನಡುವೆ ಸತು ಆಕ್ಸೈಡ್, ಮಾಲಿಬ್ಡಿನಂ ಆಕ್ಸೈಡಿನಂಥ ತಡೆಪದರಗಳನ್ನು ಇಡುವ ರೂಢಿ ಬಂತು. ಲೋಹವನ್ನೇ ಬದಲಿಸುವುದಕ್ಕಿಂತ ಅದರ ಮೈಗೆ ಲೇಪ ಹಚ್ಚುವುದು ಸುಲಭವೆಂದು ಎಲ್ಲರಿಗೂ ಮನವರಿಕೆಯಾಯಿತು. 2012ರಲ್ಲಿ ಜಾರ್ಜಿಯಾ ಟೆಕ್ ತಂಡ ಕೆಲವೇ ನ್ಯಾನೋಮೀಟರ್ ಪಾಲಿಮರ್ ಲೇಪದಿಂದಲೇ ಬಗೆಬಗೆಯ ವಾಹಕಗಳ ಕಾರ್ಯಫಲನ ತಗ್ಗಿಸಿ ತೋರಿಸಿತು.

ಜಪಾನಿನ ಹಿರಾಮೊಟೊ ಮತ್ತು ಸಂಗಡಿಗರ 1994ರ ಪ್ರಯೋಗ ಹೊರಗಿನ ಆವೇಶವನ್ನು ತಡೆಯುವ ಈ ದಾರಿಗೆ ತದ್ವಿರುದ್ಧ. ಅಲ್ಲಿ ಬೆಳಕಿನಿಂದ ಹುಟ್ಟಿದ ಆವೇಶ ವಿದ್ಯುದ್ವಾರದ ಬುಡದಲ್ಲಿ ಸಿಕ್ಕಿಬಿದ್ದು, ಹೊರಗಿನ ಆವೇಶವನ್ನು ತಾನೇ ಒಳಗೆಳೆಯುತ್ತಿತ್ತು. ಒಂದು ಫೋಟಾನಿಗೆ ಒಂದಲ್ಲ, ಸಾವಿರಾರು ಎಲೆಕ್ಟ್ರಾನುಗಳು ದಕ್ಕಿದವು.

ಬಾಗಿಲಿನ ವಸ್ತುವಿನಷ್ಟೇ ಅದರ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಎರಡೂ ವಿದ್ಯುದ್ವಾರಗಳನ್ನು ಬಾಚಣಿಗೆಯ ಹಲ್ಲುಗಳಂತೆ ಒಂದೇ ತಳದಲ್ಲಿ ಹೆಣೆದರೆ ತಯಾರಿಕೆ ಸುಲಭ, ಬೆಳಕಿಗೂ ಅಡ್ಡಿ ಕಡಿಮೆ. ಆದರೆ ಆವೇಶ ದಾಟುವ ಸಮಯ ದೂರದ ವರ್ಗದಂತೆ ಏರುತ್ತದೆ: 100 ನ್ಯಾನೋಮೀಟರ್ ಪದರದ ಬದಲು 5 ಮೈಕ್ರೋಮೀಟರ್ ಸಂದು ಬಿಟ್ಟರೆ, ಅದೇ ವೋಲ್ಟೇಜಿಗೆ 2,500 ಪಟ್ಟು ನಿಧಾನ. ಪದರದ ಮೇಲೊಂದು ಕೆಳಗೊಂದು ಇಟ್ಟರೂ ಕಷ್ಟ ತಪ್ಪದು. 1 ಚದರ ಸೆಂಟಿಮೀಟರಿನ ಅಂಥ ಸಂವೇದಕ ಸುಮಾರು 30 ನ್ಯಾನೋಫ್ಯಾರಡ್ ಕೆಪಾಸಿಟರೂ ಆಗಿಬಿಡುತ್ತದೆ. 50 ಓಮ್ ರೋಧ ಸೇರಿದರೆ ವೇಗ 100 ಕಿಲೋಹರ್ಟ್ಸ್ ಆಸುಪಾಸಿಗೇ ನಿಲ್ಲುತ್ತದೆ.

ಇಂಥ ಸಂವೇದಕಗಳ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಎಸ್. ನಾರಾಯಣ್ ತಂಡ 2001ರಲ್ಲಿ ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರನ್ನೂ, 2004ರಲ್ಲಿ ಬೆಳಕಿನ ಚುಕ್ಕೆ ಎಲ್ಲಿ ಬಿದ್ದಿದೆಯೆಂದು ಹೇಳುವ ಸಂವೇದಕವನ್ನೂ ಪ್ರಕಟಿಸಿತು. ಪಾರದರ್ಶಕ ವಿದ್ಯುದ್ವಾರಕ್ಕೂ ಬದಲಿ ಬೇಕಿತ್ತು: ಇಂಡಿಯಂ ಟಿನ್ ಆಕ್ಸೈಡ್ ಬಾಗಿಸಿದರೆ ಸೀಳುತ್ತದೆ, ಇಂಡಿಯಂ ದುಬಾರಿಯೂ ಹೌದು. ಅದೇ ಕೇಂದ್ರದ ಜಿ.ಯು. ಕುಲಕರ್ಣಿ ತಂಡ ಒಣಗಿದ ಲೇಪದ ಬಿರುಕುಗಳನ್ನೇ ಅಚ್ಚಾಗಿ ಬಳಸಿ, ಅವುಗಳಲ್ಲಿ ಲೋಹ ತುಂಬಿ ಪಾರದರ್ಶಕ ಜಾಲರಿ ಮಾಡಿತು. ಕೆರೆಯಂಗಳದ ಬಿರುಕು ಕಂಡವರಿಗೆ ಆ ವಿನ್ಯಾಸ ಅಪರಿಚಿತವಲ್ಲ.

2020ರಲ್ಲಿ ಜಾರ್ಜಿಯಾ ಟೆಕ್ ವರದಿ ಮಾಡಿದ, ಬಾಗುವ ದೊಡ್ಡ ಫೋಟೋಡಯೋಡುಗಳು ಮಂದ ಬೆಳಕಿನಲ್ಲಿ ಸಿಲಿಕಾನಿಗೆ ಸಮವಾಗಿ ನಿಂತವು. ನಾಡಿಮಿಡಿತ ಅಳೆಯಲು ಅವನ್ನು ಉಂಗುರದಾಕಾರದಲ್ಲಿ ಮಾಡಲಾಯಿತು. ನಡುವೆ ಎಲ್‌ಇಡಿ ದೀಪ, ಚರ್ಮದಿಂದ ಚದುರಿ ಮರಳುವ ಬೆಳಕನ್ನು ಎಲ್ಲ ದಿಕ್ಕಿನಿಂದಲೂ ಹಿಡಿಯುವ ಬಳೆ ಅದರ ಸುತ್ತ.