ಹೊರಡುವುದು ಯಾವ ಗೇರಿನಲ್ಲಿ? ಹಳೆಯ ಆಟೊಮ್ಯಾಟಿಕ್‌ಗಳ ಲೆಕ್ಕಾಚಾರ

ಎಂಬತ್ತರ ದಶಕದ ಮರ್ಸಿಡಿಸ್ ಕಾರು ಎರಡನೇ ಗೇರಿನಲ್ಲಿ ಹೊರಟರೆ ಸಾಕು, ‘ಫಸ್ಟ್ ಗೇರ್ ಹೋಗಿದೆ, ಬಾಕ್ಸ್ ಇಳಿಸಬೇಕು’ ಎನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಏನೂ ಕೆಡದ ಗೇರ್‌ಬಾಕ್ಸ್‌ಗಳನ್ನು ಹೀಗೆ ಬಿಚ್ಚಿ ಹಾಳು ಮಾಡಿದ್ದನ್ನು ಕಂಡಿದ್ದೇನೆ. ಗೇರು ಆರಿಸುವ ವಿವೇಕ ಕಂಪ್ಯೂಟರ್ ಜೊತೆಗೇ ಬಂತು ಎಂಬ ನಂಬಿಕೆ ಈ ತಪ್ಪಿನ ಬೇರು.

ಆರಂಭದ ಕಥೆ ಚಿಕ್ಕದು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ಗೆ ಬಂದ ಹೈಡ್ರಾಮ್ಯಾಟಿಕ್‌ನಲ್ಲಿ ಇದ್ದದ್ದು ಫ್ಲೂಯಿಡ್ ಕಪ್ಲಿಂಗ್. ಅದು ಟಾರ್ಕನ್ನು ದಾಟಿಸುತ್ತದೆ, ಹೆಚ್ಚಿಸುವುದಿಲ್ಲ. ಹಾಗಾಗಿ ದೊಡ್ಡ ಅನುಪಾತದ ಮೊದಲ ಗೇರು ಬೇಕೇಬೇಕಿತ್ತು. 1948ರ ಬ್ಯೂಕ್ ಡೈನಾಫ್ಲೋ ಟಾರ್ಕನ್ನು ಹೆಚ್ಚಿಸಬಲ್ಲ ಟಾರ್ಕ್ ಕನ್ವರ್ಟರನ್ನೇ ನೆಚ್ಚಿಕೊಂಡು, ‘ಡ್ರೈವ್’ನಲ್ಲಿ ಗೇರು ಬದಲಿಸದೆ ಟಾಪ್‌ನಲ್ಲೇ ಹೊರಡುತ್ತಿತ್ತು. 1950ರ ಷೆವರ್ಲೆ ಪವರ್‌ಗ್ಲೈಡ್ ಕೂಡ ಹಾಗೆಯೇ. ಓಟ ನುಣುಪು, ಎಳೆತ ಮಂದ. 1953ರಲ್ಲಿ ಪವರ್‌ಗ್ಲೈಡ್ ತಾನೇ ಲೋ ಗೇರಿನಿಂದ ಹೊರಡುವುದನ್ನು ಕಲಿಯಿತು.

ಫೋರ್ಡ್ ಹಿಡಿದ ದಾರಿ ಹೆಚ್ಚು ಕುತೂಹಲದ್ದು. 1951ರ ಫೋರ್ಡ್-ಒ-ಮ್ಯಾಟಿಕ್‌ನಲ್ಲಿ ಮೂರು ಗೇರುಗಳಿದ್ದರೂ ಡ್ರೈವ್‌ನಲ್ಲಿ ಹೊರಡುತ್ತಿದ್ದುದು ಎರಡನೆಯದರಲ್ಲಿ. ಅರವತ್ತರ ದಶಕದ ಮಸ್ಟಾಂಗ್‌ನ ಸೆಲೆಕ್ಟರ್‌ನಲ್ಲಿ ಎರಡು ಚುಕ್ಕೆ ಬಂದವು: ಒಂದಕ್ಕೆ ಮೊದಲ ಗೇರು, ಇನ್ನೊಂದಕ್ಕೆ ಜಾರುವ ರಸ್ತೆಗೆಂದು ಎರಡನೆಯದು. ಆಯ್ಕೆಯನ್ನು ಚಾಲಕನ ಕೈಗೇ ಕೊಟ್ಟ ಈ ಪ್ರಾಮಾಣಿಕ ಏರ್ಪಾಡಿಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಇದೆಲ್ಲ ನಡೆಯುತ್ತಿದ್ದುದು ಆಯಿಲ್ ಪ್ರೆಶರ್‌ನಲ್ಲಿ. ವಾಲ್ವ್ ಬಾಡಿಯೊಳಗಿನ ಒಂದು-ಎರಡು ಶಿಫ್ಟ್ ವಾಲ್ವನ್ನು ಒಂದು ಕಡೆಯಿಂದ, ಕಾರಿನ ವೇಗದೊಂದಿಗೆ ಏರುವ ಗವರ್ನರ್ ಪ್ರೆಶರ್ ತಳ್ಳುತ್ತದೆ. ಎದುರು ಕಡೆ ಸ್ಪ್ರಿಂಗ್, ಜೊತೆಗೆ ಆ್ಯಕ್ಸಿಲರೇಟರ್‌ಗೆ ತಕ್ಕಂತೆ ಏರಿಳಿಯುವ ಪ್ರೆಶರ್. ನಿಂತ ಕಾರಿನಲ್ಲಿ ಗವರ್ನರ್ ಪ್ರೆಶರ್ ಇಲ್ಲವೆಂಬಷ್ಟು ಕಡಿಮೆ; ಸ್ಪ್ರಿಂಗ್ ಗೆಲ್ಲುತ್ತದೆ, ಮೊದಲ ಗೇರು ಸಿಗುತ್ತದೆ. ಎರಡನೆಯದರಲ್ಲಿ ಹೊರಡಿಸಬೇಕಾದರೆ ಆಯಿಲ್‌ಗೆ ಬೇರೆ ದಾರಿಯನ್ನು ಉದ್ದೇಶಪೂರ್ವಕವಾಗಿಯೇ ಕೊರೆಯಬೇಕು. ಕಾರ್ಖಾನೆಗಳೂ ಒಂದೇ ದಾರಿ ಹಿಡಿಯಲಿಲ್ಲ: ಲಿವರನ್ನು ‘2’ಕ್ಕೆ ಹಾಕಿದರೆ 1967ರ ನಂತರದ ಫೋರ್ಡ್ ಸಿ4 ಎರಡನೆಯದರಲ್ಲೇ ಹೊರಟು ಅಲ್ಲೇ ಉಳಿಯುತ್ತದೆ, ಕ್ರೈಸ್ಲರ್ ಟಾರ್ಕ್‌ಫ್ಲೈಟ್ ಮೊದಲನೆಯದರಲ್ಲಿ ಹೊರಟು ಎರಡನೆಯದಕ್ಕೆ ಏರುತ್ತದೆ.

ನನ್ನ ಮಟ್ಟಿಗೆ ಈ ವಿದ್ಯೆ ಪಕ್ವವಾದದ್ದು ಮರ್ಸಿಡಿಸ್‌ನ 722.3 ಮತ್ತು 722.4 ಗೇರ್‌ಬಾಕ್ಸ್‌ಗಳಲ್ಲಿ. ನಾಲ್ಕು ಗೇರು, ಎರಡನೆಯದರ ಅನುಪಾತ ಸುಮಾರು 2.4. ಅದರ ಮೇಲೆ ಕನ್ವರ್ಟರ್ ತನ್ನ ಪಾಲಿನ ಟಾರ್ಕ್ ಸೇರಿಸುವುದರಿಂದ ಸಮತಟ್ಟಾದ ರಸ್ತೆಗೆ ಅಷ್ಟು ಧಾರಾಳ. ಒಂದು ಶಿಫ್ಟ್ ಉಳಿಯುತ್ತದೆ, ಒಂದು ಜರ್ಕ್ ತಪ್ಪುತ್ತದೆ, ಒದ್ದೆ ರಸ್ತೆಯಲ್ಲಿ ಚಕ್ರ ಜಾರುವುದು ಕಡಿಮೆಯಾಗುತ್ತದೆ. ಮೊದಲ ಗೇರು ಮೀಸಲು. ಕಾಲು ಗಟ್ಟಿಯಾಗಿ ಊರಿದರೆ ತಕ್ಷಣ ಬರುತ್ತದೆ. ಕಾಲಿನ ಒತ್ತಡದಲ್ಲೇ ಚಾಲಕನ ಇಂಗಿತ ಓದಿದ ಈ ಬಾಕ್ಸ್‌ನಲ್ಲಿ ಒಂದು ಚಿಪ್ಪೂ ಇರಲಿಲ್ಲ.

ನಂತರದ ಎಲೆಕ್ಟ್ರಾನಿಕ್ 722.6ರಲ್ಲಿ ‘ಡಬ್ಲ್ಯು’ ಸ್ವಿಚ್ ಒತ್ತಿದರೆ ಎರಡನೆಯದರಲ್ಲಿ ಹೊರಡುತ್ತದೆ. ಟೊಯೊಟಾದ ‘ಸ್ನೋ’ ಬಟನ್‌ನದೂ ಅದೇ ಕೆಲಸ. ಹಳೆಯ ನಿರ್ಧಾರ, ಹೊಸ ಗುಂಡಿ.

ಈ ಇತಿಹಾಸವನ್ನು ಬರೆದವರು ಅನುಪಾತ, ವೇಗಗಳ ಪಟ್ಟಿ ಕೊಡುತ್ತಾರೆ; ನಿಂತಲ್ಲಿಂದ ಹೊರಡುವ ಕ್ಷಣವನ್ನು ಬಿಟ್ಟುಬಿಡುತ್ತಾರೆ. ಸ್ಕ್ಯಾನರ್ ಹಿಡಿದು ಕಲಿತ ಹುಡುಗರಿಗೆ ವಾಲ್ವ್ ಬಾಡಿಯ ನಕ್ಷೆ ಓದಿಸುವವರೂ ವಿರಳ. 722.3ರ ಮೇಲೆ ಅನುಮಾನ ಬಂದರೆ ಸ್ಪ್ಯಾನರ್ ಎತ್ತುವ ಮುನ್ನ ಖಾಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ, ಡ್ರೈವ್‌ಗೆ ಹಾಕಿ, ಆ್ಯಕ್ಸಿಲರೇಟರನ್ನು ಕಿಕ್‌ಡೌನ್‌ವರೆಗೆ ತುಳಿಯಬೇಕು. ಮೊದಲ ಗೇರು ಸಿಕ್ಕರೆ ಬಾಕ್ಸನ್ನು ಮುಟ್ಟಬೇಕಿಲ್ಲ. ಸಿಗದಿದ್ದರೂ ಮೊದಲು ನೋಡಬೇಕಾದ್ದು ಆ್ಯಕ್ಸಿಲರೇಟರ್‌ನಿಂದ ಬಾಕ್ಸಿಗೆ ಹೋಗುವ ಕೇಬಲ್ಲನ್ನು.