ಸಾಲ, ಅಡವು, ದಾನ: ಕ್ರಿ.ಶ. 1634ರ ಬೆಳ್ಗೊಳದ ಶಾಸನಗಳ ಒಂದು ವಿಚಾರ

ಕೊಟ್ಟ ಸಾಲವು ಸಕಾಲದಲ್ಲಿ ಹಿಂದಿರುಗದಿದ್ದಾಗ ಉತ್ತಮರ್ಣನು ರಾಜದ್ವಾರವನ್ನು ಸೇರುವುದು ಲೋಕರೂಢಿ. ಆದರೆ ಅಧಮರ್ಣನು ಸ್ನೇಹಿತನೋ, ಒಂದೇ ಊರಿನವನೋ, ಒಂದೇ ದೇವರ ಸನ್ನಿಧಿಯ ಸೇವಕನೋ ಆಗಿದ್ದರೆ, ಹಣವನ್ನು ವಸೂಲು ಮಾಡಬೇಕೆ, ಬಾಂಧವ್ಯವನ್ನು ಉಳಿಸಬೇಕೆ ಎಂಬ ಸಂದಿಗ್ಧವು ತಲೆದೋರುತ್ತದೆ. ಮೈಸೂರು ಅರಸರ ಕಾಲದಲ್ಲಿ ಇಂತಹ ಸಂದಿಗ್ಧವೊಂದು ಬಗೆಹರಿದ ರೀತಿಯನ್ನು ಶ್ರವಣಬೆಳ್ಗೊಳದ ಎರಡು ಶಾಸನಗಳು ತಿಳಿಸುತ್ತವೆ.

ಇವುಗಳಲ್ಲಿ ಒಂದು ದೊಡ್ಡಬೆಟ್ಟದ ಶಿಲಾಶಾಸನ, ಮತ್ತೊಂದು ಮಠದ ತಾಮ್ರಶಾಸನ. ಎರಡರ ಕಾಲವೂ ಶಕವರ್ಷ 1556ನೆಯ ಭಾವ ಸಂವತ್ಸರ, ಎಂದರೆ ಕ್ರಿ.ಶ. 1634. ಆಗ ಮೈಸೂರನ್ನು ಆಳುತ್ತಿದ್ದವನು ಚಾಮರಾಜ ಒಡೆಯ (1617–1637). ಬೆಳ್ಗೊಳದ ಶಾಸನಗಳನ್ನು ರೈಸ್ ಅವರು 1889ರಲ್ಲಿಯೂ, ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿ 1973ರಲ್ಲಿ ಹೊರಬಂದಿತು.

ಶಾಸನೋಕ್ತ ಸಂಗತಿ ಹೀಗಿದೆ. ಗೊಮ್ಮಟಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ತಮ್ಮ ತಮ್ಮ ಕಷ್ಟಕಾಲದಲ್ಲಿ ವರ್ತಕರಿಗೆ ಅಡವು ಹಾಕಿದ್ದರು. ಅಡವು ಹಿಡಿದವರು ಬಹುಕಾಲ ಅದನ್ನು ಅನುಭವಿಸಿಕೊಂಡು ಬಂದಿದ್ದರು. ಅರಸನು ಇದನ್ನು ವಿಚಾರಿಸಿ, ಹೊಸವೊಳಲ ಕೆಂಪಪ್ಪನ ಮಗ ಚನ್ನಣ್ಣ, ಬೆಳುಗುಳದ ಪಾಯಿಸೆಟ್ಟಿಯ ಮಕ್ಕಳು ಮೊದಲಾದವರನ್ನು ಕರೆಯಿಸಿ, ಅವರ ಸಾಲವನ್ನು ತಾನೇ ತೀರಿಸುವುದಾಗಿ ಹೇಳಿದನು. ಆಗ ಅವರು ಹಣವನ್ನು ಸ್ವೀಕರಿಸದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಧಾರೆಯೆರೆದು ಬಿಟ್ಟುಕೊಟ್ಟರು. ದೇವರ ಮತ್ತು ಗುರುಗಳ ಸನ್ನಿಧಿಯಲ್ಲಿ ಈ ದಾನವು ನಡೆಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅರಸನ ಧರ್ಮಸಹಿಷ್ಣುತೆಗೆ ನಿದರ್ಶನವಾಗಿ ಉದಾಹರಿಸಲಾಗುತ್ತದೆ. ಅದು ಯುಕ್ತವೇ. ಆದರೆ ಶಾಸನದ ವ್ಯವಹಾರಕ್ರಮವೂ ಅಷ್ಟೇ ವಿಚಾರಾರ್ಹವಾದುದು. ಅರಸನು ಸಾಲವನ್ನು ರದ್ದುಪಡಿಸಲಿಲ್ಲ; ತೀರಿಸಲು ಮುಂದಾದನು. ಆದುದರಿಂದ ಸಾಲ ಕೊಟ್ಟವರ ಹಕ್ಕನ್ನು ಅವನು ಒಪ್ಪಿದಂತಾಯಿತು. ಶಾಸ್ತ್ರದೃಷ್ಟಿಯೂ ಇದಕ್ಕೆ ವಿರುದ್ಧವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕೂಟಲೇಖಕ್ರಿಯೆ, ನ್ಯಾಸಾಪಹಾರಗಳನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಶ್ರಾವಕನ ವ್ಯವಹಾರದಲ್ಲಿ ಪತ್ರವೂ ನಂಬಿ ಇಟ್ಟ ಒಡವೆಯೂ ಶುದ್ಧವಾಗಿರಬೇಕೆಂಬುದೇ ಇದರ ತಾತ್ಪರ್ಯ. ತನಗೆ ಬರಬೇಕಾದುದನ್ನು ಕೇಳುವುದು ತಾನಾಗಿಯೇ ಅಧರ್ಮವೆನಿಸದು.

ಹಾಗಾದರೆ ತೊಡಕು ಎಲ್ಲಿತ್ತು? ಸಾಲವು ಸ್ಥಾನಿಕರ ಸ್ವಂತದ್ದು. ಅಡವಾದ ಕ್ಷೇತ್ರವು ದೇವರದು. ಋಣವು ಒಬ್ಬರದು, ಅದಕ್ಕೆ ಈಡಾದ ವಸ್ತುವು ಮತ್ತೊಬ್ಬರದು. ಉತ್ತಮರ್ಣರು ತಮ್ಮ ಹಕ್ಕನ್ನು ಸಾಧಿಸಿದಷ್ಟೂ ನಷ್ಟವು ಸಾಲ ಮಾಡಿದವರಿಗಲ್ಲ, ಪೂಜೆಗೆ ತಟ್ಟುತ್ತಿತ್ತು. ಸ್ಥಾನಿಕರ ಮೇಲಿನ ವ್ಯಾಜ್ಯವು ಗೆದ್ದರೂ ಅದು ದೇವರ ಸೇವೆಗೆ ವಿರುದ್ಧವಾದ ಗೆಲುವೇ ಆಗುತ್ತಿತ್ತು.

ಅರಸನ ಸಮ್ಮುಖದಲ್ಲಿ ವರ್ತಕರು ಬೇರೆ ಮಾತನಾಡುವುದು ಸಾಧ್ಯವಿತ್ತೆ ಎಂಬ ಆಕ್ಷೇಪವು ಇಲ್ಲಿ ಸಹಜ. ರಾಜಸನ್ನಿಧಿಯ ಒತ್ತಡವನ್ನು ಪೂರ್ಣವಾಗಿ ಅಲ್ಲಗಳೆಯುವಂತಿಲ್ಲ. ಆದರೂ ಹಣವನ್ನು ಪಡೆಯುವ ಮಾರ್ಗವು ಅವರಿಗೆ ತೆರೆದಿತ್ತೆಂದು ಶಾಸನವೇ ಹೇಳುತ್ತದೆ. ಮೇಲಾಗಿ ದಾನಿಗಳೆಂದು ಅದು ಹೆಸರಿಸುವುದು ಅರಸನನ್ನಲ್ಲ, ವರ್ತಕರನ್ನು. ಆಜ್ಞೆಯಿಂದ ಕಸಿದುಕೊಂಡಿದ್ದರೆ ಅವರಿಗೆ ನಷ್ಟವೊಂದೇ ಉಳಿಯುತ್ತಿತ್ತು; ಧಾರೆಯೆರೆದುದರಿಂದ ಅದೇ ನಷ್ಟವು ಪುಣ್ಯವೆನಿಸಿತು, ಊರಿನಲ್ಲಿ ಅವರ ಗೌರವವೂ ಉಳಿಯಿತು.

ಚಿದಾನಂದ ಕವಿಯ ಮುನಿವಂಶಾಭ್ಯುದಯವು ಈ ಕಾಲದ ಸ್ಥಿತಿಯನ್ನು ಅರಿಯಲು ನೆರವಾಗುತ್ತದೆ. ಚನ್ನಪಟ್ಟಣದ ಜಗದೇವರಾಯನ ಉಪದ್ರವದಿಂದ ಚಾರುಕೀರ್ತಿ ಪಂಡಿತರು ಬೆಳ್ಗೊಳವನ್ನು ಬಿಟ್ಟು ಭಲ್ಲಾತಕೀಪುರವೆಂಬ ಗೇರುಸೊಪ್ಪೆಯಲ್ಲಿದ್ದರೆಂದೂ, ಚಾಮರಾಜನು ಬೆಳ್ಗೊಳಕ್ಕೆ ಬಂದನೆಂದೂ ಅದರಿಂದ ತಿಳಿದುಬರುತ್ತದೆ. ಗುರುಪೀಠವು ಬರಿದಾಗಿದ್ದಾಗ ದೇವಸ್ವವು ಅಡವಾದುದು ಆಶ್ಚರ್ಯವಲ್ಲ. ಆದರೆ ಕಾವ್ಯವು ಚಿಕ್ಕದೇವರಾಜನ ಕಾಲದ್ದು, ಶಾಸನವು ಸಮಕಾಲೀನವಾದುದು. ಯಾರು ಏನನ್ನು ಬಿಟ್ಟುಕೊಟ್ಟರೆಂಬ ವಿಷಯದಲ್ಲಿ ಶಾಸನವೇ ಪ್ರಮಾಣ.

ವ್ಯವಸ್ಥೆಯು ಕ್ಷಮೆಯಲ್ಲಿಯೇ ಮುಗಿಯಲಿಲ್ಲ. ಮುಂದೆ ಈ ಧರ್ಮಭೂಮಿಯನ್ನು ಅಡವು ಹಾಕುವವನೂ, ಅದರ ಮೇಲೆ ಸಾಲ ಕೊಡುವವನೂ ಧರ್ಮಕ್ಕೆ ಹೊರಗೆಂದು ಶಾಸನವು ವಿಧಿಸಿತು. ನಿಷೇಧವು ಬೇಡುವವನಿಗೆ ಎಷ್ಟೋ ಕೊಡುವವನಿಗೂ ಅಷ್ಟೇ. ಹಳೆಯ ಸಾಲವನ್ನು ದಾನವು ತೀರಿಸಿದರೆ, ಹೊಸ ವ್ಯಾಜ್ಯದ ಬೀಜವನ್ನು ಕಟ್ಟಳೆಯು ಕಿತ್ತಿತು. ಹಕ್ಕನ್ನು ಮೊದಲು ಒಪ್ಪುವುದು, ಬಿಡುವ ನಿರ್ಧಾರವನ್ನು ಹಕ್ಕುಳ್ಳವನಿಗೇ ಒಪ್ಪಿಸುವುದು, ಮತ್ತೆ ಅಂತಹ ಪ್ರಸಂಗ ಒದಗದಂತೆ ಕಟ್ಟುಮಾಡುವುದು: ಈ ಮೂರು ಹಂತಗಳು ಇಲ್ಲಿ ಕ್ರಮವಾಗಿ ಕಾಣುತ್ತವೆ. ಬೆಳ್ಗೊಳದ ಶಾಸನರಾಶಿಯಲ್ಲಿ ಈ ಎರಡು ಲೇಖಗಳಿಗೆ ವಿಶೇಷ ಸ್ಥಾನ ಸಲ್ಲುವುದು ಈ ಕಾರಣದಿಂದಲೇ.