ಕರ್ನಾಟಕದಲ್ಲಿ ಮದರಸಾ ಪಠ್ಯಕ್ರಮದ ಸುಧಾರಣೆ

ಮದರಸಾ ಪಠ್ಯಕ್ರಮದ ಸುಧಾರಣೆ ಎಂದರೆ ಇಸ್ಲಾಮೀ ಧಾರ್ಮಿಕ ಶಿಕ್ಷಣ ಸಂಸ್ಥೆಗಳಾದ ಮದರಸಾಗಳಲ್ಲಿನ ಬೋಧನಾವಿಷಯ, ಪಠ್ಯಗ್ರಂಥ, ಬೋಧನಕ್ರಮ ಮತ್ತು ಪರೀಕ್ಷಾಪದ್ಧತಿಗಳನ್ನು ಕಾಲಕ್ಕೆ ತಕ್ಕಂತೆ ಪರಿಷ್ಕರಿಸುವ ಪ್ರಯತ್ನ. ಧಾರ್ಮಿಕ ಶಿಕ್ಷಣ ಪಡೆದ ವಿದ್ಯಾರ್ಥಿಗೆ ಸಾಮಾನ್ಯ ಶಿಕ್ಷಣವನ್ನು ಮುಂದುವರಿಸುವ ದಾರಿ ತೆರೆದಿರಬೇಕು ಎಂಬುದು ಕರ್ನಾಟಕದಲ್ಲಿ ಈ ಪ್ರಯತ್ನದ ಮುಖ್ಯ ಉದ್ದೇಶವಾಗಿದೆ.

ಮಕ್ತಬ್ ಮತ್ತು ಮದರಸಾ

ಮಸೀದಿಗೆ ಹೊಂದಿಕೊಂಡ ಮಕ್ತಬ್‌ಗಳಲ್ಲಿ ಮಕ್ಕಳು ಬೆಳಿಗ್ಗೆ ಅಥವಾ ಸಂಜೆ ಒಂದೆರಡು ಗಂಟೆ ಕುರ್‌ಆನ್ ಪಠಣ ಮತ್ತು ಧರ್ಮದ ಪ್ರಾಥಮಿಕ ಪಾಠಗಳನ್ನು ಕಲಿಯುತ್ತಾರೆ. ಶಿವಮೊಗ್ಗ, ಭದ್ರಾವತಿಯಂತಹ ಊರುಗಳಲ್ಲಿ ಇಂತಹ ಮಕ್ಕಳು ಹಗಲಿನಲ್ಲಿ ಸಾಮಾನ್ಯ ಶಾಲೆಗೆ ಹೋಗುತ್ತಾರೆ. ಪೂರ್ಣಾವಧಿಯ ಮದರಸಾಗಳು ಇದಕ್ಕಿಂತ ಭಿನ್ನ. ಇವು ಹೆಚ್ಚಾಗಿ ವಸತಿಸಹಿತವಾಗಿದ್ದು, ಕುರ್‌ಆನನ್ನು ಕಂಠಪಾಠ ಮಾಡಿದ ಹಾಫಿಜರನ್ನೂ ಧರ್ಮಪಂಡಿತರಾದ ಆಲಿಮರನ್ನೂ ರೂಪಿಸುತ್ತವೆ. ಶಾಲಾವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಸುಮಾರು ಶೇ. 3ರಷ್ಟು ಮಂದಿ ಮಾತ್ರ ಮದರಸಾಗಳಲ್ಲಿ ಓದುತ್ತಾರೆಂದು 2006ರ ಸಾಚಾರ್ ಸಮಿತಿಯ ವರದಿ ತಿಳಿಸಿತು. ಮಕ್ತಬ್ ಮತ್ತು ಮದರಸಾಗಳನ್ನು ಒಂದೇ ಎಂದು ಎಣಿಸುವುದರಿಂದ ಈ ಸಂಖ್ಯೆಯ ಬಗ್ಗೆ ತಪ್ಪು ಕಲ್ಪನೆ ಬೆಳೆದಿದೆ ಎಂಬುದನ್ನೂ ಸಮಿತಿ ಗುರುತಿಸಿತು.

ಇತಿಹಾಸ

ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಧರ್ಮಶಾಸ್ತ್ರದೊಂದಿಗೆ ಗಣಿತ, ಖಗೋಳಶಾಸ್ತ್ರ ಮೊದಲಾದ ವಿದ್ಯೆಗಳಿಗೂ ನೆಲೆಯಾಗಿತ್ತು. ಲಕ್ನೋದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರು (ನಿಧನ 1748) ರೂಪಿಸಿದ ‘ದರ್ಸ್-ಎ-ನಿಜಾಮಿ’ಯಲ್ಲಿ ಅರಬ್ಬೀ ವ್ಯಾಕರಣ, ತರ್ಕ, ತತ್ತ್ವಶಾಸ್ತ್ರ ಮತ್ತು ಧರ್ಮನ್ಯಾಯಗಳಿಗೆ ಪ್ರಾಧಾನ್ಯವಿತ್ತು. 1866ರಲ್ಲಿ ಆರಂಭವಾದ ದೇವ್‌ಬಂದ್ ದಾರುಲ್ ಉಲೂಮ್ ಅದಕ್ಕೆ ಹದೀಸ್ ಅಧ್ಯಯನದ ಒತ್ತನ್ನು ಕೊಟ್ಟಿತು. 1890ರ ದಶಕದ ನದ್ವತುಲ್ ಉಲಮಾ ಚಳವಳಿಯು ಆಧುನಿಕ ಅರಬ್ಬೀ, ಇತಿಹಾಸ ಮತ್ತು ಇಂಗ್ಲಿಷನ್ನು ಸೇರಿಸಲು ಯತ್ನಿಸಿತು. ಹೀಗೆ ಪರಿಷ್ಕರಣವು ಮದರಸಾ ಪರಂಪರೆಯೊಳಗೇ ಬೆಳೆದುಬಂದಿದೆ.

ಕರ್ನಾಟಕದ ಸಂಸ್ಥೆಗಳು

ಬೆಂಗಳೂರಿನ ದಾರುಲ್ ಉಲೂಮ್ ಸಬೀಲುರ್ ರಶಾದ್ (1960) ದೇವ್‌ಬಂದ್ ಪರಂಪರೆಯದು. ಭಟ್ಕಳದ ಜಾಮಿಯಾ ಇಸ್ಲಾಮಿಯಾ (1962) ನದ್ವಾ ಕ್ರಮವನ್ನು ಅನುಸರಿಸುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅನೇಕ ಮದರಸಾಗಳು ಕೇರಳದ ಸಮಸ್ತ ಶಿಕ್ಷಣ ಮಂಡಳಿಗೆ (1951) ಸೇರಿವೆ. ಅಲ್ಲಿ ತರಗತಿವಾರು ಪಠ್ಯಪುಸ್ತಕ ಮತ್ತು ಸಾರ್ವತ್ರಿಕ ಪರೀಕ್ಷೆಗಳಿದ್ದು, ಪಾಠದ ವೇಳೆಯು ಶಾಲಾ ವೇಳೆಗೆ ಅಡ್ಡಿಯಾಗದಂತೆ ಹೊಂದಿಕೊಂಡಿದೆ.

ಬೀದರಿನಲ್ಲಿ ಅಬ್ದುಲ್ ಖದೀರ್ ಅವರು 1989ರಲ್ಲಿ ಆರಂಭಿಸಿದ ಶಾಹೀನ್ ಶಿಕ್ಷಣ ಸಂಸ್ಥೆಯು ಹಾಫಿಜರಾದ ಹುಡುಗರಿಗೆ ಸೇತುಶಿಕ್ಷಣವನ್ನು ನೀಡುತ್ತಿದೆ. ಮೊದಲು ಭಾಷೆ ಮತ್ತು ಗಣಿತದ ಬುನಾದಿಯನ್ನು ಭದ್ರಪಡಿಸಿ, ಬಳಿಕ ಅವರನ್ನು ಸಾಮಾನ್ಯ ತರಗತಿಗಳಿಗೆ ಸೇರಿಸಲಾಗುತ್ತದೆ. ಹೀಗೆ ಬಂದವರಲ್ಲಿ ಕೆಲವರು ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲೂ ಅರ್ಹತೆ ಪಡೆದಿದ್ದಾರೆ.

ಸರ್ಕಾರ ಮತ್ತು ಕಾನೂನು

ಕೇಂದ್ರ ಸರ್ಕಾರವು 1993–94ರಲ್ಲಿ ಆರಂಭಿಸಿದ ಮದರಸಾ ಆಧುನೀಕರಣ ಯೋಜನೆಯಡಿ ವಿಜ್ಞಾನ, ಗಣಿತ, ಸಮಾಜವಿಜ್ಞಾನ ಮತ್ತು ಭಾಷಾಶಿಕ್ಷಕರ ಗೌರವಧನಕ್ಕೆ ನೆರವು ದೊರೆಯುತ್ತಿತ್ತು. ಯೋಜನೆಗೆ ಸೇರುವುದು ಐಚ್ಛಿಕವಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ಮದರಸಾ ಮತ್ತು ವೇದಪಾಠಶಾಲೆಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಉತ್ತರ ಪ್ರದೇಶದ ಮದರಸಾ ಕಾಯ್ದೆಯನ್ನು ಕುರಿತ 2024ರ ನವೆಂಬರ್ 5ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿದು, ಪದವಿ ಮಟ್ಟದ ಪ್ರಮಾಣಪತ್ರ ನೀಡುವ ಅಧಿಕಾರವನ್ನು ಮಾತ್ರ ತಳ್ಳಿಹಾಕಿತು. ಕರ್ನಾಟಕದಲ್ಲಿ ಅಂತಹ ಶಾಸನಬದ್ಧ ಮದರಸಾ ಮಂಡಳಿ ಇಲ್ಲ. ಆದಕಾರಣ ಇಲ್ಲಿನ ವಿದ್ಯಾರ್ಥಿಗೆ ಎಸ್‌ಎಸ್‌ಎಲ್‌ಸಿ ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಯೇ ಮಾನ್ಯತೆಯ ದಾರಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಮದರಸಾಗಳಲ್ಲಿ ಕನ್ನಡ ಕಲಿಸುವ ಕಾರ್ಯವನ್ನು ಕೈಗೆತ್ತಿಕೊಂಡಿದೆ.

ಸಂಶೋಧನೆ

ಬಾರ್ಬರಾ ಮೆಟ್ಕಾಫ್ ಅವರು 1982ರ ಕೃತಿಯಲ್ಲಿ, ದೇವ್‌ಬಂದ್ ಮದರಸಾ ನಿಗದಿತ ಪಠ್ಯಕ್ರಮ, ವಾರ್ಷಿಕ ಪರೀಕ್ಷೆ ಮತ್ತು ಸಾರ್ವಜನಿಕ ವಂತಿಗೆಯನ್ನು ಅಳವಡಿಸಿಕೊಂಡು ಸಂಘಟನೆಯಲ್ಲಿ ಹೊಸದಾಗಿತ್ತೆಂದು ತೋರಿಸಿದರು. ಯೋಗಿಂದರ್ ಸಿಕಂದ್ ಅವರ 2005ರ ಅಧ್ಯಯನ ಭಾರತದ ಮದರಸಾಗಳೊಳಗಿನ ಸುಧಾರಣಾ ವಾದಗಳನ್ನು ದಾಖಲಿಸಿದೆ. ದಕ್ಷಿಣ ಆಫ್ರಿಕ ಮೂಲದ ಇಬ್ರಾಹೀಂ ಮೂಸಾ ಸ್ವತಃ ಸಬೀಲುರ್ ರಶಾದ್, ದೇವ್‌ಬಂದ್ ಮತ್ತು ನದ್ವಾಗಳಲ್ಲಿ ಓದಿದವರು. 2015ರ ಕೃತಿಯಲ್ಲಿ ಅವರು ಮದರಸಾ ಪರಂಪರೆಯ ಪಾಂಡಿತ್ಯವನ್ನು ಗೌರವಿಸುತ್ತಲೇ, ವರ್ತಮಾನದ ಜ್ಞಾನದೊಂದಿಗೆ ಅದು ಸಂವಾದಿಸಬೇಕೆಂದು ಪ್ರತಿಪಾದಿಸಿದ್ದಾರೆ.

ಚರ್ಚೆ

ಹೊಸ ವಿಷಯಗಳನ್ನು ಸೇರಿಸಿದರೆ ಧಾರ್ಮಿಕ ಅಧ್ಯಯನದ ಆಳ ಕುಗ್ಗುತ್ತದೆ, ಸರ್ಕಾರದ ನೆರವಿನೊಡನೆ ನಿಯಂತ್ರಣವೂ ಬರುತ್ತದೆ ಎಂಬುದು ಅನೇಕ ಉಲಮಾಗಳ ಆತಂಕ. ವಿಜ್ಞಾನ, ಗಣಿತ, ಕನ್ನಡಗಳ ಪರಿಚಯವಿಲ್ಲದೆ ಹೊರಬರುವ ಹದಿಹರೆಯದ ವಿದ್ಯಾರ್ಥಿಗೆ ಇಮಾಮ್ ಅಥವಾ ಧರ್ಮಬೋಧಕ ವೃತ್ತಿಯ ಹೊರತು ಬೇರೆ ಆಯ್ಕೆ ವಿರಳ ಎಂಬುದು ಸುಧಾರಕರ ವಾದ. ಧಾರ್ಮಿಕ ಪಠ್ಯವನ್ನು ಹಾಗೆಯೇ ಉಳಿಸಿಕೊಂಡು ಅದರ ಪಕ್ಕದಲ್ಲಿ ಸೇತುಶಿಕ್ಷಣವನ್ನು ಇರಿಸುವ ಬೀದರಿನ ಕ್ರಮವು ಈ ಎರಡು ನಿಲುವುಗಳ ನಡುವಿನ ದಾರಿಯಾಗಿದೆ.